ಆದಿತ್ಯವಾರದ ಕತ್ತರಿ

ನಮ್ಮ ಮನೆಯಲ್ಲಿ ಕಿತ್ತಲೆ ಬಣ್ಣದ ಹಿಡಿಯ ಒಂದು ಕತ್ತರಿ ಇದೆ. ಅದರಿಂದ ಬಟ್ಟೆ ಕತ್ತರಿಸಲಾಗದು. ಕಾಗದವನ್ನೇ ಕತ್ತರಿಸಿ ಕತ್ತರಿಸಿ ಅದರ ಬಾಯಿ ಮೊಂಡಾಗಿದೆ. ಅದನ್ನು ಬಿಸಾಡಬೇಕೆಂದು ನಾನು ಎರಡು ಮೂರು ಸಲ ಸೂಚಿಸಿದುದುಂಟು. ನಮ್ಮ ಮನೆಯಾಕೆ ಒಪ್ಪಲಿಲ್ಲ. ನಾನೂ ಹೆಚ್ಚು ಒತ್ತಾಯಪಡಿಸಲಿಲ್ಲ. ಏಕೆಂದರೆ ಆ ಕತ್ತರಿಯ ವಿಷಯದಲ್ಲಿ ನನ್ನ ಬಾಯಿ ಅಷ್ಟು ಧಾರಾಳವಾಗಿ ಆಡುವಂತಿಲ್ಲ. ಅದು ಏಕೆಂಬುದನ್ನೇ ಇಲ್ಲಿ ಬರೆಯಹೊರಟಿದ್ದೇನೆ.

2009ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ನಾವಿಬ್ಬರೂ ಹಾಸನದಿಂದ ಹೊರಟು, ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಎಡಿಸನ್ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೋದೆವು. ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ಗಣಿತ ಹೇಳಿದವರಿಗೆ ಒಂದು ದುರಭ್ಯಾಸವಿರುತ್ತದೆ. ಯಾರು ಏನು ಮಾಡುತ್ತಿದ್ದರೂ ಅದರಲ್ಲಿ ಒಂದು ಲೆಕ್ಕ ಕಾಣುತ್ತದೆ. ಕಂಡ ಲೆಕ್ಕವನ್ನು ಬಿಡಿಸದೆ ಇರಲಾಗದು. ಬಿಡಿಸಿದ ಮೇಲೆ ಉತ್ತರವನ್ನು ಗಟ್ಟಿಯಾಗಿ ಹೇಳದೆ ಇರಲಾಗದು.

ಹೋದ ಮೊದಲನೆಯ ಆದಿತ್ಯವಾರ ಬೆಳಗ್ಗೆ ಎದ್ದು ನೋಡಿದರೆ, ಊಟದ ಮೇಜಿನ ಮೇಲೆ ಒಂದೇ ವೃತ್ತಪತ್ರಿಕೆಯ ಮೂರು ಪ್ರತಿಗಳಿದ್ದುವು. ಓದುವವರು ಯಾರೂ ಇರಲಿಲ್ಲ. ಮಗಳು ಪತ್ರಿಕೆಗಳ ಹೊಟ್ಟೆಯೊಳಗಿನಿಂದ ಬಣ್ಣಬಣ್ಣದ ಕಂತೆಗಳನ್ನು ಹೊರತೆಗೆದು, ಲೋಕವಾರ್ತೆಯನ್ನು ಕುರ್ಚಿಯ ಕೆಳಕ್ಕೆ ತಳ್ಳಿ, ಕತ್ತರಿ ಹಿಡಿದು ಕುಳಿತಿದ್ದಳು. ಹಲ್ಲಿನ ಪೇಸ್ಟಿಗೆ ಐವತ್ತು ಸೆಂಟು ಕಡಮೆ, ಬಟ್ಟೆ ಒಗೆಯುವ ಸಾಬೂನಿನ ದ್ರವಕ್ಕೆ ಒಂದು ಡಾಲರು ಕಡಮೆ, ಇಂತಹ ಚೀಟಿಗಳು ಒಂದೊಂದಾಗಿ ಬೀಳುತ್ತಿದ್ದುವು. ಕೂಪನ್ನು ಎಂದು ಅವಕ್ಕೆ ಹೆಸರು. ಚೀಟಿಯನ್ನು ಅಂಗಡಿಯಲ್ಲಿ ಕೊಟ್ಟರೆ ಅದರ ಮೇಲೆ ಅಚ್ಚಾದಷ್ಟು ಹಣವನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಅಂಗಡಿಯವನು ಆ ಚೀಟಿಗಳನ್ನು ಒಟ್ಟುಮಾಡಿ ಲೆಕ್ಕ ನೋಡುವ ಕಚೇರಿಗಳ ಮೂಲಕ ಕಾರ್ಖಾನೆಗೆ ತಲುಪಿಸುತ್ತಾನೆ. ಕಾರ್ಖಾನೆಯವನು ಆ ಹಣವನ್ನೂ, ಅಂಗಡಿಯವನ ಶ್ರಮಕ್ಕೆಂದು ಚೀಟಿಯೊಂದಕ್ಕೆ ಎಂಟು ಸೆಂಟನ್ನೂ ಕಟ್ಟಿಕೊಡುತ್ತಾನೆ.

ಚೀಟಿಯ ಅಡಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ವಾಕ್ಯವಿತ್ತು. ಕನ್ನಡಕವನ್ನು ಒರಸಿಕೊಂಡು ಓದಿದೆನು. ‘ಇದರ ನಗದು ಬೆಲೆ ಒಂದು ಸೆಂಟಿನ ನೂರನೆಯ ಒಂದು ಭಾಗ’ ಎಂದು ಅದರ ಅರ್ಥ. ಹಿಂದೆ ಅಲ್ಲಿಯ ಅಂಗಡಿಗಳು ಸಾಮಾನು ಕೊಂಡವರಿಗೆ ಅಂಟುಚೀಟಿಗಳನ್ನು ಕೊಡುತ್ತಿದ್ದುವಂತೆ. ಅವನ್ನು ಪುಸ್ತಕಗಳಲ್ಲಿ ಅಂಟಿಸಿ ತುಂಬಿಸಿದರೆ ಪಾತ್ರೆಯೋ ದೀಪವೋ ದೊರೆಯುತ್ತಿತ್ತು. ಅಂತಹ ಚೀಟಿಗಳಿಗೆ ಏನಾದರೂ ನಗದು ಬೆಲೆ ಇರಲೇಬೇಕೆಂದು ಕೆಲವು ಸಂಸ್ಥಾನಗಳು ಕಾನೂನು ಮಾಡಿದುವು. ಆ ಕಾನೂನಿನ ಬಾಲವೇ ಈ ವಾಕ್ಯ. ಹತ್ತು ಸಾವಿರ ಚೀಟಿ ಕೂಡಿಸಿದರೆ ಒಂದು ಡಾಲರು. ಇದನ್ನು ಲೆಕ್ಕ ಹಾಕಿ ಹೇಳಿದಾಗ ಮೊಮ್ಮಗ ನಕ್ಕನು. ನನಗೆ ಉತ್ಸಾಹ ಬಂದಿತು.

ನನ್ನ ಮಗಳು ಬಾಲ್ಯದಲ್ಲಿ ಪುಸ್ತಕದ ಚೀಲವನ್ನು ಸರಿಯಾಗಿ ಇಟ್ಟುಕೊಂಡವಳಲ್ಲ. ಅವಳು ಕೂಪನ್ನುಗಳಿಗಾಗಿ ಇಟ್ಟಿದ್ದ ಕಡತವನ್ನು ನೋಡಿ ನಾನು ಬೆರಗಾದೆನು. ಅಲ್ಲಿಯ ಹುಡುಗರು ಚೆಂಡಾಟದ ವೀರರ ಚಿತ್ರಗಳನ್ನು ಕೂಡಿಡುವುದಕ್ಕೆಂದು ಪಾರದರ್ಶಕವಾದ ಹಾಳೆಗಳು ಸಿಕ್ಕುತ್ತವೆ. ಒಂದೊಂದು ಹಾಳೆಯಲ್ಲಿ ಒಂಬತ್ತು ಕಿಸೆ. ಅಂತಹ ಎಂಬತ್ತು ಹಾಳೆಗಳ ಕಡತ ಅದು. ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿರಬಹುದೆಂದು ನಾನು ಊಹಿಸಿದೆನು. ಹಾಗಲ್ಲ. ಅಂಗಡಿಯ ಬಾಗಿಲನ್ನು ಹೊಕ್ಕರೆ ಮೊದಲು ಯಾವ ಸಾಲು, ಬಳಿಕ ಯಾವ ಸಾಲು ಎಂಬ ಕ್ರಮವನ್ನೇ ಹಾಳೆಗಳೂ ಅನುಸರಿಸಿದ್ದುವು. ಗಾಡಿಯನ್ನು ತಳ್ಳಿಕೊಂಡು ಹೋದಂತೆ ಹಾಳೆಯನ್ನು ಮಗುಚಿಕೊಂಡು ಹೋದರಾಯಿತು, ಹಿಂದಿರುಗಿ ನಡೆಯಬೇಕಾಗಿಲ್ಲ. ಎಲ್ಲಕ್ಕೂ ಮುಂದಿನ ಹಾಳೆ ಮಾತ್ರ ಬೇರೆ. ಆ ವಾರ ವಾಯಿದೆ ಮುಗಿಯುವ ಚೀಟಿಗಳೆಲ್ಲ ಅಲ್ಲಿಗೆ ಬಂದು ಸೇರುತ್ತಿದ್ದುವು. ನಮ್ಮ ಮನೆಯಾಕೆ ಆ ಹಾಳೆಗೆ ‘ವೈಕುಂಠದ ಬಾಗಿಲು’ ಎಂದು ಹೆಸರಿಟ್ಟು, ಎರಡನೆಯ ವಾರದಿಂದ ಅದರ ಮೇಲ್ವಿಚಾರಣೆಯನ್ನು ತಾನೇ ವಹಿಸಿಕೊಂಡಳು.

ಬಂದ ಚೀಟಿಯನ್ನು ಆ ವಾರವೇ ಉಪಯೋಗಿಸಿ ಮುಗಿಸಬಾರದೇಕೆ, ಇಷ್ಟು ದೊಡ್ಡ ಕಡತವೇಕೆ ಎಂದು ಕೇಳಿದೆನು. ವ್ಯಾಪಾರದ ಗುಟ್ಟೆಲ್ಲ ಅಲ್ಲಿಯೇ ಇರುವುದಂತೆ. ಚೀಟಿ ಬಂದ ವಾರ ಸಾಮಾನ್ಯವಾಗಿ ಸಾಮಾನಿಗೆ ಪೂರ್ತಿ ಬೆಲೆ ಇರುತ್ತದೆ. ಐದಾರು ವಾರ ಕಾದರೆ ಅಂಗಡಿಯವನೇ ಬೆಲೆಯನ್ನು ಇಳಿಸುವ ಸರದಿ ಬರುತ್ತದೆ. ಜತೆಗೆ ಆ ಸೀಮೆಯ ಕೆಲವು ಅಂಗಡಿಗಳಲ್ಲಿ ಒಂದು ಡಾಲರಿಗಿಂತ ಕಡಮೆಯ ಕೂಪನ್ನಿಗೆ ಅಂಗಡಿಯವನು ತನ್ನ ಕೈಯಿಂದ ಅಷ್ಟೇ ಹಣ ಸೇರಿಸಿ ಇಮ್ಮಡಿ ಮಾಡುತ್ತಿದ್ದನು. ಎರಡು ಡಾಲರಿನ ಪೇಸ್ಟು ಒಂದು ಡಾಲರಿಗೆ ಇಳಿದ ದಿನ ಐವತ್ತು ಸೆಂಟಿನ ಚೀಟಿ ಕೊಟ್ಟರೆ, ಅದು ನೂರು ಸೆಂಟಾಗಿ, ಪೇಸ್ಟು ಪುಕ್ಕಟೆಯಾಗುತ್ತಿತ್ತು. ಇಳಿದ ಬೆಲೆಯ ಸಾಮಾನು ಮುಗಿದುಹೋಗಿದ್ದರೆ ‘ಮಳೆಚೀಟಿ’ ಎಂಬುದೊಂದನ್ನು ಬರೆಯಿಸಿಕೊಂಡು ಬಂದು, ಸಾಮಾನು ಬಂದ ಮೇಲೆ ಅದೇ ಬೆಲೆಗೆ ಕೊಳ್ಳಬಹುದು. ಮಳೆ ಬಂದು ಚೆಂಡಾಟ ನಿಂತರೆ ಇನ್ನೊಂದು ದಿನದ ಆಟಕ್ಕೆ ಚೀಟಿ ಕೊಡುತ್ತಿದ್ದ ಪದ್ಧತಿಯಿಂದ ಆ ಹೆಸರು ಬಂದುದು.

ಆದರೆ ಯಾವುದಕ್ಕೆ ಕೂಪನ್ನು ಉಂಟು, ಯಾವುದಕ್ಕೆ ಇಲ್ಲ ಎಂಬುದನ್ನು ನೋಡಬೇಕು. ಎಂಬತ್ತು ಹಾಳೆಗಳನ್ನು ಮಗುಚಿದರೂ ತೊಗರಿಬೇಳೆಗೆ ಒಂದು ಚೀಟಿ ಇಲ್ಲ. ಅಕ್ಕಿಗೆ ಇಲ್ಲ, ಹುಣಸೆಹಣ್ಣಿಗೆ ಇಲ್ಲ, ಬದನೆಕಾಯಿಗೆ ಇಲ್ಲ. ಭಾರತೀಯರ ಅಂಗಡಿಗಳು ಸಾಲುಸಾಲಾಗಿರುವ ಓಕ್ ಟ್ರೀ ರಸ್ತೆಗೆ ಹೋಗುವಾಗ ಮಗಳು ಕಡತವನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತಿದ್ದಳು. ಹೆಸರಿನ ಬಲದಿಂದ ಮಾರಾಟವಾಗುವ ವಸ್ತುವಿಗೆ ಮಾತ್ರ ಚೀಟಿ. ಬದನೆಕಾಯಿಗೆ ಕುಲವುಂಟೇ ಹೊರತು ಕಂಪೆನಿಯಿಲ್ಲ. ಆದುದರಿಂದ ನಮ್ಮವರ ಸಂಸಾರದಲ್ಲಿ ಹುಳಿ ಅನ್ನಕ್ಕೆ ಪೂರ್ತಿ ಬೆಲೆ ತೆರಬೇಕು. ಊಟವಾದ ಮೇಲೆ ಹಲ್ಲುಜ್ಜುವುದು, ಪಾತ್ರೆ ಬೆಳಗುವುದು, ಬಟ್ಟೆ ಒಗೆಯುವುದು ಪುಕ್ಕಟೆ. ನೆಲಮಾಳಿಗೆಯ ಗೂಡಿನಲ್ಲಿ ಹದಿನೇಳು ಪೇಸ್ಟಿನ ಕೊಳವೆಗಳನ್ನು ನಾನೇ ಎಣಿಸಿದೆನು.

ಬೆಕ್ಕಿನ ಆಹಾರಕ್ಕೂ ಚೀಟಿಗಳು ಬಂದು ಬೀಳುತ್ತಿದ್ದುವು. ಮಗಳ ಮನೆಯಲ್ಲಿ ಬೆಕ್ಕಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಮುದುಕಿಯೂ ನಾಲ್ಕು ಬೆಕ್ಕುಗಳೂ ಇದ್ದುವು. ಆ ಚೀಟಿಗಳು ಅಲ್ಲಿಗೆ ಹೋಗಿ, ಮೊಮ್ಮಗನು ತಿನ್ನುವ ತಿಂಡಿಯ ಚೀಟಿಗಳು ಅಲ್ಲಿಂದ ಬರುತ್ತಿದ್ದುವು. ನಮ್ಮ ಮನೆಯಾಕೆಗೂ ಆಕೆಗೂ ಸ್ನೇಹ ಬೆಳೆದುದು ಈ ವಿನಿಮಯದಿಂದ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಅಷ್ಟಾಗಿ ತಿಳಿಯದು. ತಿಂಗಳು ತುಂಬುವುದರೊಳಗೆ ಒಬ್ಬರ ಮಂಡಿನೋವಿನ ಚರಿತ್ರೆಯೆಲ್ಲ ಇನ್ನೊಬ್ಬರಿಗೆ ಗೊತ್ತಿತ್ತು.

ಈ ಚೀಟಿಯ ಮೂಲವೇನೆಂದು ಮೊಮ್ಮಗನೊಡನೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಓದಿದೆನು. 1880ರ ದಶಕದ ಕೊನೆಯಲ್ಲಿ ಅಟ್ಲಾಂಟಾ ಪಟ್ಟಣದ ಏಸಾ ಕ್ಯಾಂಡ್ಲರ್ ಎಂಬ ವರ್ತಕನು ಕೋಕಾಕೋಲಾ ಎಂಬ ತನ್ನ ಪಾನೀಯವನ್ನು ಜನ ಒಮ್ಮೆ ಕುಡಿದು ನೋಡಲೆಂದು, ಒಂದು ಲೋಟ ಉಚಿತ ಎಂಬ ಚೀಟಿಗಳನ್ನು ಹಂಚಿದನಂತೆ. ಆರಂಭ ಅದು. 1930ರ ದಶಕದ ಮಹಾ ಮುಗ್ಗಟ್ಟಿನಲ್ಲಿ ಕೂಪನ್ನು ಮನೆಮನೆಯ ವಸ್ತುವಾಯಿತು. ಬಳಿಕ ಯುದ್ಧ ಬಂದು, 1942ರಿಂದ ಅಮೆರಿಕದವರೂ ಸಕ್ಕರೆಗೆ ರೇಷನ್ ಪುಸ್ತಕ ಹಿಡಿದು ನಿಂತರು. ಇದನ್ನು ಓದಿದಾಗ ನನಗೆ ನಮ್ಮ ತಾಯಿಯ ನೆನಪಾಯಿತು. ಆಕೆಯ ರೇಷನ್ ಕಾರ್ಡು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ, ಜಾತಕಗಳ ಜತೆಯಲ್ಲಿ ಇರುತ್ತಿತ್ತು. 1966ರ ಸುಮಾರಿನಲ್ಲಿ ಮಳೆ ಹೋಗಿ ಬೆಳೆ ಕೆಟ್ಟಾಗ, ಆ ಕಾರ್ಡಿನ ಮೇಲೆ ಬಂದುದು ಅಮೆರಿಕದ ಗೋದಿ. ಅನ್ನವಿಲ್ಲದೆ ಊಟವೇ ಅಲ್ಲವೆನ್ನುತ್ತಿದ್ದ ನಮ್ಮ ತಂದೆಯವರು ರಾತ್ರಿ ಚಪಾತಿಗೆ ಒಗ್ಗಿದ್ದು ಆಗಲೇ. ಇಷ್ಟಕ್ಕಿಂತ ಹೆಚ್ಚು ನಿನಗಿಲ್ಲ ಎನ್ನುವ ಚೀಟಿ ಅದು. ಇನ್ನೂ ತೆಗೆದುಕೋ ಎಂದು ಉಪಚಾರ ಮಾಡುವ ಚೀಟಿ ಇದು. ಕಾಗದದ ಅಳತೆ ಮಾತ್ರ ಹೆಚ್ಚುಕಡಮೆ ಒಂದೇ.

ಇನ್ನು ನನ್ನ ಅಪರಾಧದ ವಿಷಯ. ಸೆಪ್ಟೆಂಬರಿನ ಒಂದು ಆದಿತ್ಯವಾರ ರಾತ್ರಿ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಅಂಗಡಿಯ ಬಿಲ್ಲು ಮೇಜಿನ ಮೇಲಿತ್ತು. ಆ ದಿನ ಉಳಿದುದು ಇಪ್ಪತ್ತಾರು ಡಾಲರು ಎಂದು ಅಂಗಡಿಯವನೇ ಅದರ ಕೆಳಗೆ ಅಚ್ಚು ಹಾಕಿದ್ದನು. ಲೆಕ್ಕ ನನ್ನನ್ನು ಕರೆಯಿತು. ಕತ್ತರಿಸಿ ಜೋಡಿಸಲು ಮೂರು ಗಂಟೆ, ಅಂಗಡಿಯಲ್ಲಿ ಹೆಚ್ಚಾಗಿ ಹಿಡಿದುದು ಒಂದು ಗಂಟೆ, ಒಟ್ಟು ನಾಲ್ಕು. ಗಂಟೆಗೆ ಆರೂವರೆ ಡಾಲರಾಯಿತು. ಆ ವರ್ಷದ ಜುಲೈ ತಿಂಗಳಿನಲ್ಲಿ ಅಲ್ಲಿಯ ಸರ್ಕಾರ ಕನಿಷ್ಠ ಕೂಲಿಯನ್ನು ಗಂಟೆಗೆ ಏಳು ಕಾಲು ಡಾಲರಿಗೆ ಏರಿಸಿದ್ದಿತು. ಇದನ್ನೆಲ್ಲ ವಿವರಿಸಿ, “ಇಷ್ಟು ಓದಿದ ನೀನು ಕೂಲಿಗಿಂತ ಕಡಮೆಗೆ ದುಡಿಯುತ್ತೀಯಲ್ಲಮ್ಮ! ಈ ಜಿಪುಣತನವನ್ನು ಬಿಟ್ಟು ಅಳಿಯಂದಿರಂತೆ ಆ ಹೊತ್ತಿನಲ್ಲಿ ಏನಾದರೂ ಘನವಾದ ಕೆಲಸ ಮಾಡಬಾರದೇ?” ಎಂದೆನು. ಹಾಸ್ಯಕ್ಕಾಗಿ ಹೇಳಿದುದು.

ಯಾರೂ ನಗಲಿಲ್ಲ. ಮಗಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. ಅಳಿಯಂದಿರು, “ಮಾವ, ನೀವು ನಿಧಾನವಾಗಿ ಊಟಮಾಡಿ” ಎಂದು ಹೇಳಿ, ಮಜ್ಜಿಗೆಯನ್ನೂ ಹಾಕಿಸಿಕೊಳ್ಳದೆ ಎದ್ದು ಹೋದರು.

ಮಲಗುವ ಕೋಣೆಯ ಬಾಗಿಲನ್ನು ಮುಚ್ಚಿದ ಮೇಲೆ ನಮ್ಮ ಮನೆಯಾಕೆ ಮೆಲ್ಲನೆಯ ಧ್ವನಿಯಲ್ಲಿ ಹೇಳಿದಳು: “ಅವರಿಗೆ ಮಾರ್ಚಿಯಿಂದ ಕೆಲಸವಿಲ್ಲ.”

“ದಿನವೂ ಒಂಬತ್ತು ಗಂಟೆಗೆ ಕಂಪ್ಯೂಟರು ಹಿಡಿದುಕೊಂಡು ಹೋಗುತ್ತಾರಲ್ಲ?”

“ಹೋಗುವುದು ಗ್ರಂಥಾಲಯಕ್ಕೆ. ಅಲ್ಲಿ ಕುಳಿತು ಅರ್ಜಿ ಬರೆಯುತ್ತಾರೆ. ನೀವು ಮಗುವನ್ನು ಕರೆದುಕೊಂಡು ಅಲ್ಲಿಗೆ ಹೋದ ದಿನ ಅವರು ಹಿಂದಿನ ಬಾಗಿಲಿನಿಂದ ಹೊರಟುಬಂದರಂತೆ.”

ನಿನಗೆ ಯಾರು ಹೇಳಿದರು ಎಂದು ಕೇಳಿದೆನು. ಯಾರೂ ಹೇಳಲಿಲ್ಲವಂತೆ. ಕಡತವನ್ನು ನೋಡಿ ಎರಡನೆಯ ವಾರದಲ್ಲಿಯೇ ತಿಳಿದುಕೊಂಡಳಂತೆ. ಕಡತದ ಹಿಂಬದಿಯಲ್ಲಿ ಮಗಳು ವಾರವಾರದ ಉಳಿತಾಯವನ್ನು ಬರೆದಿಟ್ಟಿದ್ದಳು. ಅದರ ಮೊದಲನೆಯ ತಾರೀಖು ಮಾರ್ಚಿ ತಿಂಗಳಿನದು. “ಹವ್ಯಾಸಕ್ಕೆ ಮಾಡುವವರು ಪ್ರತಿ ವಾರ ತಪ್ಪದೆ ಬರೆಯುವುದಿಲ್ಲ. ಅಳಿಯಂದಿರ ಕೋಟುಗಳೂ ಇಸ್ತ್ರಿಯಾದ ಹಾಗೆಯೇ ತೂಗುತ್ತಿದ್ದುವು. ಮಗಳನ್ನು ಕೇಳಿದೆ, ಹೌದೆಂದಳು. ನಿಮಗೆ ಹೇಳಬೇಡವೆಂದಳು” ಎಂದು ಹೇಳಿ ಆಕೆ ದೀಪವನ್ನು ಆರಿಸಿದಳು. ನಮ್ಮ ಪ್ರಯಾಣದ ಟಿಕೆಟ್ಟುಗಳನ್ನು ಅವರು ಫೆಬ್ರವರಿಯಲ್ಲಿಯೇ ಕೊಂಡಿದ್ದರು. ಕೆಲಸ ಹೋದ ಸುದ್ದಿ ಹೇಳಿದರೆ ನಾವು ಬರುವುದಿಲ್ಲವೆಂದು ಮುಚ್ಚಿಟ್ಟಿದ್ದರು. ಮುಚ್ಚಿಡಲು ಇನ್ನೂ ಒಂದು ಕಾರಣವಿದ್ದಿರಬೇಕು. ಅದನ್ನು ಆಕೆಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಕಾಲ ಹಾಗಿತ್ತು. 2008ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಹಣಕಾಸಿನ ಸಂಸ್ಥೆ ದಿವಾಳಿಯಾದುದು ಸರ್ವರಿಗೂ ತಿಳಿದ ವಿಷಯ. ನಾವು ಅಲ್ಲಿದ್ದ 2009ರ ಅಕ್ಟೋಬರಿನಲ್ಲಿ ಆ ದೇಶದಲ್ಲಿ ಕೆಲಸವಿಲ್ಲದವರ ಪ್ರಮಾಣ ನೂರಕ್ಕೆ ಹತ್ತನ್ನು ಮುಟ್ಟಿತು. ಅನೇಕ ವರ್ಷಗಳಿಂದ ಇಳಿಯುತ್ತ ಬಂದಿದ್ದ ಕೂಪನ್ನಿನ ಬಳಕೆ ಅದೇ ವರ್ಷ ಮತ್ತೆ ಏರಿ, ಸುಮಾರು 330 ಕೋಟಿ ಚೀಟಿಗಳು ಅಂಗಡಿಗಳಿಗೆ ಸಂದುವು. ಅಷ್ಟಾದರೂ ಅದು ಅಚ್ಚಾದ ಚೀಟಿಗಳಲ್ಲಿ ನೂರಕ್ಕೆ ಒಂದರಷ್ಟೇ. ಮಗಳ ಸಂಸಾರಕ್ಕೆ ನಿರುದ್ಯೋಗದ ಭತ್ಯವೂ, ಶಾಲೆಯೊಂದರಲ್ಲಿ ಅವಳಿಗಿದ್ದ ಅರ್ಧ ದಿನದ ಸಂಬಳವೂ ಆಧಾರ. ಮನೆಯ ಸಾಲದ ಕಂತಿನಲ್ಲಿ ಕಡಮೆ ಮಾಡುವಂತಿಲ್ಲ. ಕಾರಿನ ಕಂತಿನಲ್ಲಿ ಕಡಮೆ ಮಾಡುವಂತಿಲ್ಲ. ಗೃಹಿಣಿಯ ಕೈಗೆ ಸಿಕ್ಕುವುದು ದಿನಸಿಯ ಖರ್ಚೊಂದೇ.

ರಾತ್ರಿ ನಿದ್ದೆ ಬರಲಿಲ್ಲ. ಮತ್ತೆ ಲೆಕ್ಕಕ್ಕೆ ಕುಳಿತೆನು. ನನ್ನ ಲೆಕ್ಕ ತಪ್ಪಾಗಿತ್ತು. ದುಡಿದು ತಂದ ಡಾಲರಿನಲ್ಲಿ ಸರ್ಕಾರದ ಪಾಲು ಹೋಗುತ್ತದೆ. ಉಳಿಸಿದ ಡಾಲರಿನಲ್ಲಿ ಪಾಲಿಲ್ಲ. ಉಳಿತಾಯಕ್ಕೂ ತೆರಿಗೆಯ ಸೋಂಕಿಲ್ಲವೆಂದಲ್ಲ. ಒಂದು ಡಾಲರಿನ ಸಾಬೂನನ್ನು ಕಾರ್ಖಾನೆಯ ಒಂದು ಡಾಲರಿನ ಚೀಟಿ ಕೊಟ್ಟು ತಂದರೂ, ಅಂಗಡಿಯವನಿಗೆ ಪೂರ್ತಿ ಬೆಲೆ ಸಂದಿತೆಂದು ಆಗ ನ್ಯೂಜೆರ್ಸಿಯಲ್ಲಿ ಏಳು ಸೆಂಟು ತೆರಬೇಕಾಗಿತ್ತು. ಅದು ಸಣ್ಣ ವಿಷಯ. ದೊಡ್ಡ ತಪ್ಪು ಬೇರೆಡೆಯಲ್ಲಿತ್ತು. ಒಂದು ಗಂಟೆಗೆ ಇಷ್ಟು ಬೆಲೆ ಎನ್ನಬೇಕಾದರೆ ಆ ಗಂಟೆಯನ್ನು ಕೊಳ್ಳುವವನು ಒಬ್ಬನಿರಬೇಕು. ಅಳಿಯಂದಿರ ಗಂಟೆಗಳನ್ನು ಆರು ತಿಂಗಳಿಂದ ಯಾರೂ ಕೊಂಡಿರಲಿಲ್ಲ. ಮಗಳ ಉಳಿದ ಅರ್ಧ ದಿನವನ್ನೂ ಕೇಳುವವರಿರಲಿಲ್ಲ. ಕೊಂಡವನು ಪೇಸ್ಟಿನ ಕಾರ್ಖಾನೆಯವನೊಬ್ಬನೇ.

ಅವನ ಉಪಾಯವನ್ನು ಆ ರಾತ್ರಿ ಯೋಚಿಸಿ ತಿಳಿದುಕೊಂಡೆನು. ಎಲ್ಲರಿಗೂ ಬೆಲೆ ಇಳಿಸಬೇಕೆಂದಿದ್ದರೆ ಡಬ್ಬಿಯ ಮೇಲೆಯೇ ಇಳಿಸಬಹುದು, ಕಾಗದವೇಕೆ, ಕತ್ತರಿಯೇಕೆ? ಹಣವಿದ್ದು ಬಿಡುವಿಲ್ಲದವನು ಕತ್ತರಿ ಹಿಡಿಯುವುದಿಲ್ಲ, ಪೂರ್ತಿ ಬೆಲೆ ಕೊಡುತ್ತಾನೆ. ಬಿಡುವಿದ್ದು ಹಣವಿಲ್ಲದವನು ಬೇರೆ ಕಂಪೆನಿಯ ಅಗ್ಗದ ಮಾಲಿಗೆ ಹೋಗದಂತೆ ಅವನಿಗೆ ಮಾತ್ರ ಬೆಲೆ ಇಳಿಸಬೇಕು. ಯಾರು ಯಾರೆಂದು ಕೇಳಿ ತಿಳಿಯುವುದು ಸಾಧ್ಯವಿಲ್ಲ. ಆದುದರಿಂದ ದಾರಿಯಲ್ಲಿ ಒಂದು ಕಷ್ಟವನ್ನು ಇಟ್ಟಿದ್ದಾನೆ. ದಾಟಿಬಂದವನಿಗೆ ಅಗತ್ಯವಿದೆ ಎಂದು ಅರ್ಥ. ಅರ್ಥಶಾಸ್ತ್ರಜ್ಞರು ಇದನ್ನು ಬಹಳ ಬುದ್ಧಿವಂತಿಕೆಯ ಏರ್ಪಾಡೆನ್ನುತ್ತಾರೆ. ಇರಬಹುದು. ತನ್ನ ಅಗತ್ಯವನ್ನು ವಾರವಾರವೂ ಕತ್ತರಿಯಿಂದ ರುಜುವಾತುಪಡಿಸಬೇಕಾದ ಹೆಂಗಸಿನ ತಂದೆಗೆ ಅದು ಅಷ್ಟು ಸೊಗಸಾಗಿ ಕಾಣುವುದಿಲ್ಲ.

ಕ್ಷಮಿಸೆಂದು ಮಗಳನ್ನು ಕೇಳುವುದು ನಮ್ಮ ಕಾಲದ ತಂದೆಯಂದಿರಿಗೆ ಬಾರದ ವಿದ್ಯೆ. ಮುಂದಿನ ಆದಿತ್ಯವಾರ ಅವಳಿಗಿಂತ ಮೊದಲೇ ಎದ್ದು, ಮೂರು ಪತ್ರಿಕೆಗಳನ್ನೂ ಬಿಡಿಸಿಕೊಂಡು ಮೇಜಿನ ಮುಂದೆ ಕುಳಿತೆನು. ಅವಳು ಬಂದು ಒಂದು ಗಳಿಗೆ ನಿಂತು ನೋಡಿದಳು. ಬಳಿಕ, “ಅಪ್ಪ, ಗೆರೆಗಳ ಗುರುತಿನ ಮೇಲೆ ಕತ್ತರಿಸಬೇಡಿ, ಅದನ್ನು ಯಂತ್ರ ಓದಬೇಕು” ಎಂದಳು. ಅಷ್ಟರ ಹೊತ್ತಿಗೆ ಐದು ಚೀಟಿಗಳ ಗೆರೆಗಳನ್ನು ನಾನು ಕತ್ತರಿಸಿಯಾಗಿತ್ತು.

ಕತ್ತರಿಸುವುದನ್ನು ಬೇಗನೆ ಕಲಿತೆನು. ಅಂಗಡಿಯಲ್ಲಿ ಪಳಗಲು ತಡವಾಯಿತು. ಒಂದು ದಿನ ಮಗಳಿಗೆ ಜ್ವರ. ನಾನೂ ಅಳಿಯಂದಿರೂ ಹೋದೆವು. ಹಣ ಕೊಡುವ ಕಟ್ಟೆಯಲ್ಲಿ ನಾನು ಕೊಟ್ಟ ಚೀಟಿಗೆ ಯಂತ್ರ ಕೂಗಿಕೊಂಡಿತು. ಚೀಟಿ ಇದ್ದುದು ದೊಡ್ಡ ಡಬ್ಬಿಗೆ. ನಾನು ತಂದಿದ್ದುದು ಸಣ್ಣದು. ಹಿಂದೆ ಆರೇಳು ಜನ ನಿಂತಿದ್ದರು. ನನ್ನ ತಾಯಿ ರೇಷನ್ ಅಂಗಡಿಯ ಮುಂದೆ, ಅಕ್ಕಿ ಮುಗಿಯಿತು ನಾಳೆ ಬಾ ಎನ್ನಿಸಿಕೊಂಡು, ಸೆರಗಿನಲ್ಲಿ ಕಾರ್ಡನ್ನು ಮುಚ್ಚಿಕೊಂಡು ಹಿಂದಿರುಗುತ್ತಿದ್ದ ರೀತಿ ಕಣ್ಣಿಗೆ ಕಟ್ಟಿತು. ನಾನು ಕಡತವನ್ನು ಮುಚ್ಚಿಬಿಟ್ಟೆನು. ಅಳಿಯಂದಿರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಹಿಂದಿನವರಿಗೆ ಒಂದು ಮಾತು ಹೇಳಿ, ಓಡಿಹೋಗಿ ದೊಡ್ಡ ಡಬ್ಬಿಯನ್ನು ತಂದರು. ಹೊರಗೆ ಗಾಡಿ ತಳ್ಳಿಕೊಂಡು ಬರುವಾಗ, “ಮೊದಲ ಸಲ ನನಗೂ ಹಾಗೆಯೇ ಆಯಿತು, ಮಾವ. ನಾನು ಸಾಮಾನನ್ನೆಲ್ಲ ಅಲ್ಲಿಯೇ ಬಿಟ್ಟು ಕಾರಿಗೆ ಬಂದು ಕುಳಿತುಬಿಟ್ಟಿದ್ದೆ” ಎಂದರು. ಕೆಲಸದ ವಿಷಯವನ್ನು ಅವರು ನನ್ನೊಡನೆ ಮಾತಾಡಿದುದು ಅದೇ ಮೊದಲು. ಕಾರಿನಲ್ಲಿ ಕುಳಿತು ಅರ್ಧ ಗಂಟೆ ಮಾತಾಡಿದೆವು. ಮೊಸರು ಬಿಸಿಯಾಯಿತೆಂದು ಮನೆಯಲ್ಲಿ ಬೈಸಿಕೊಂಡೆವು.

ಇನ್ನೊಂದು ಸಂಗತಿ. ಆ ಅಂಗಡಿಗಳಲ್ಲಿ ಕೆಲವರು ತಮಗೆ ಬೇಡವಾದ ಚೀಟಿಯನ್ನು ಬಿಸಾಡದೆ, ಯಾವ ಸಾಮಾನಿಗೆ ಅದು ಸಲ್ಲುವುದೋ ಆ ಸಾಮಾನಿನ ಮುಂದೆ ಇಟ್ಟು ಹೋಗುತ್ತಾರೆ. ಯಾರು ಇಟ್ಟರೆಂದು ತೆಗೆದುಕೊಂಡವನಿಗೆ ಗೊತ್ತಿಲ್ಲ. ಯಾರು ತೆಗೆದುಕೊಂಡರೆಂದು ಇಟ್ಟವನಿಗೆ ಗೊತ್ತಿಲ್ಲ. ನಮ್ಮ ಮನೆಯಾಕೆ ಇದನ್ನು ಕಂಡ ಮೇಲೆ ‘ವೈಕುಂಠದ ಬಾಗಿಲಿ’ನ ಚೀಟಿಗಳನ್ನು ವಾಯಿದೆ ಮುಗಿಯುವ ಮುನ್ನಾದಿನ ತಪ್ಪದೆ ಕೊಂಡೊಯ್ದು, ಮಕ್ಕಳ ಆಹಾರದ ಸಾಲಿನಲ್ಲಿ ಹೆಚ್ಚಾಗಿ ಇಡುತ್ತಿದ್ದಳು.

2010ರ ಜನವರಿಯಲ್ಲಿ ನಾವು ಹಿಂದಿರುಗಿದೆವು. ಫೆಬ್ರವರಿ ಕೊನೆಯಲ್ಲಿ ಅಳಿಯಂದಿರಿಗೆ ಕೆಲಸ ಸಿಕ್ಕಿತೆಂದು ಸುದ್ದಿ ಬಂದಿತು; ಹಿಂದಿನದಕ್ಕಿಂತ ಸಂಬಳ ಕಡಮೆ. ಈಗ ಅಲ್ಲಿ ಪತ್ರಿಕೆಯೊಳಗಿನ ಕಂತೆ ಬಹಳ ತೆಳುವಾಗಿದೆಯಂತೆ. ಚೀಟಿಗಳಲ್ಲಿ ಹೆಚ್ಚಿನವು ಕೈಯಲ್ಲಿ ಹಿಡಿಯುವ ಫೋನಿನೊಳಕ್ಕೆ ಹೊಕ್ಕಿವೆ. ಕತ್ತರಿಯ ಬದಲು ಬೆರಳು ಸಾಕು. ನಾಲ್ಕು ಬೆಕ್ಕುಗಳ ಆ ಮುದುಕಿ ಏನು ಮಾಡುತ್ತಿದ್ದಾಳೋ ಎಂದು ನಮ್ಮ ಮನೆಯಾಕೆ ಕೇಳುತ್ತಿರುತ್ತಾಳೆ. ಎಂಬತ್ತು ಹಾಳೆಯ ಕಡತ ಮೊಮ್ಮಗನ ಪಾಲಾಗಿ, ಒಂಬತ್ತು ಒಂಬತ್ತು ಕಿಸೆಗಳಲ್ಲಿ ಚೆಂಡಾಟದ ವೀರರು ಬಂದು ಕುಳಿತರು. ಅದನ್ನು ಮಾಡಿದುದೇ ಅವರಿಗಾಗಿ.

ನಾವು ಹೊರಡುವ ದಿನ ಮಗಳು ಪೆಟ್ಟಿಗೆಯ ಮೂಲೆಮೂಲೆಗೂ ಪೇಸ್ಟನ್ನು ತುರುಕಿದ್ದಳು. ಒಟ್ಟು ಹನ್ನೊಂದು ಕೊಳವೆ. ಆ ಕತ್ತರಿಯೂ ಅದರ ಜತೆಯಲ್ಲಿಯೇ ಬಂದುದು. ಹಾಸನದಲ್ಲಿ ಎರಡು ವರ್ಷ ನಾವು ಪೇಸ್ಟು ಕೊಳ್ಳಲಿಲ್ಲ. ಕೊನೆಯ ಕೊಳವೆ ಬರಿದಾದ ದಿನ ನಮ್ಮ ಮನೆಯಾಕೆ ಕತ್ತರಿಯನ್ನು ತಂದು ಅದರ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಒಳಗೆ ಅಂಟಿಕೊಂಡಿದ್ದುದನ್ನು ಬಳಿದು ನನ್ನ ಬ್ರಷ್ಷಿಗೆ ಹಚ್ಚಿಕೊಟ್ಟಳು.

“ಇದರಿಂದ ಗಂಟೆಗೆ ಎಷ್ಟು ಉಳಿಯುತ್ತದೆ?” ಎಂದೆನು.

“ನೀವು ಸುಮ್ಮನೆ ಹಲ್ಲುಜ್ಜಿ” ಎಂದಳು.